ಐದನೆಯ ಪ್ರಶ್ನೆಯ ಅಕ್ಕ

ಕುಡಿತಕ್ಕೋ ಗಾಂಜಾಕ್ಕೋ ಬಿದ್ದ ಹರೆಯದವರನ್ನು ಗುರುತಿಸುವ ಪ್ರಶ್ನಾವಳಿಗಳಲ್ಲಿ 'ಕ್ರಾಫ್ಟ್'ಗೆ ದೊಡ್ಡ ಹೆಸರು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಜಾನ್ ನೈಟ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ್ದು. ಆರು ಪ್ರಶ್ನೆ, ಎರಡಕ್ಕೆ 'ಹೌದು' ಬಂದರೆ ಹೆಚ್ಚಿನ ವಿಚಾರಣೆ. ಎರಡೇ ನಿಮಿಷದ ಕೆಲಸವೆಂಬುದು ನಿಜ. ಆದರೆ ಈ ಹೊಗಳಿಕೆ ಅತಿಯಾಯಿತೆಂದು ನನಗನ್ನಿಸುವುದು ಐದನೆಯ ಪ್ರಶ್ನೆಯಿಂದ.

ಕಡಿಮೆ ಮಾಡು ಅಂತ ಮನೆಯವರೋ ಗೆಳೆಯರೋ ಹೇಳುವುದುಂಟೇ ಎಂದು ಅದು ಕೇಳುತ್ತದೆ. ಹದಿನೇಳರ ಹುಡುಗನೊಬ್ಬ "ಹೂಂ, ಅಕ್ಕ ದಿನಾ ಬೈತಾಳೆ" ಎಂದನೆನ್ನಿ. ಅಪಾಯದ ಲೆಕ್ಕಕ್ಕೆ ಒಂದು ಅಂಕ ಸೇರಿತು, ಅಕ್ಕ ಹಾಳೆಯಿಂದ ಬಿಟ್ಟುಹೋದಳು. ಬಾಯಿ ವಾಸನೆ ಹಿಡಿಯುವಷ್ಟು ಹತ್ತಿರ ನಿಲ್ಲುವವಳು, ಅವನು ಬರುವವರೆಗೆ ಚಿಲಕ ಹಾಕದೆ ಕೂತಿರುವವಳು ಅವಳು. ಬೈದದ್ದನ್ನು ಅವನು ಮರೆತಿಲ್ಲ, ಅಪರಿಚಿತರ ಮುಂದೆ ಒಪ್ಪಿಕೊಂಡಿದ್ದಾನೆ. ಇನ್ನೊಬ್ಬ ಹುಡುಗನಿಗೆ ಹೇಳುವವರೇ ಇಲ್ಲ. "ಇಲ್ಲ" ಎನ್ನುತ್ತಾನೆ, ಸೊನ್ನೆ ಬೀಳುತ್ತದೆ. ದಿಕ್ಕಿಲ್ಲದವನಿಗೆ ಅಪಾಯ ಕಡಿಮೆ ಎಂದು ತೋರಿಸುವ ಈ ಎಣಿಕೆ ನನ್ನನ್ನು ಕಾಡುತ್ತದೆ.

ಎರಡನೆಯ ಪ್ರಶ್ನೆಯೂ ಹೀಗೆಯೇ. ಮನಸ್ಸು ಹಗುರಾಗಲು, ತನ್ನ ಬಗ್ಗೆ ಒಳ್ಳೆಯದೆನಿಸಲು, ಜೊತೆಯವರೊಳಗೊಬ್ಬನಾಗಲು ಕುಡಿಯುವುದೋ ಸೇದುವುದೋ ಉಂಟೇ ಎಂದು ಕೇಳುತ್ತದೆ. ಮೂರು ಬೇರೆ ಬೇರೆ ಹಸಿವುಗಳಿಗೆ ಸೇರಿ ಒಂದೇ ಅಂಕ.

ಇದು ಬರಿಯ ಜರಡಿ, ಪೂರ್ಣ ಪರಿಶೀಲನೆಯಲ್ಲ ಎಂಬ ಸಮರ್ಥನೆಯನ್ನು ಒಪ್ಪುತ್ತೇನೆ. ಆದರೆ ಆ ಕೋಣೆಯಲ್ಲಿ ತನ್ನನ್ನು ಯಾತಕ್ಕೆ ಕೂರಿಸಿದ್ದಾರೆಂದು ಹುಡುಗ ತೀರ್ಮಾನಿಸುವುದು ಮೊದಲ ಆ ಎರಡು ನಿಮಿಷದಲ್ಲೇ. ದೋಷದ ಬದಲು ಸಾಮರ್ಥ್ಯವನ್ನು ನೋಡಬೇಕೆಂಬ ಮಾತು ಹೊಸದೇನಲ್ಲ: ಡೆನಿಸ್ ಸಲೀಬಿ 1992ರಲ್ಲೇ ಸಮಾಜಕಾರ್ಯದವರಿಗೆ ಸಾಮರ್ಥ್ಯದ ದೃಷ್ಟಿಯ ಪುಸ್ತಕ ಕೊಟ್ಟಿದ್ದರು. ಕೆನೆತ್ ಗಿನ್ಸ್‌ಬರ್ಗ್ ಹರೆಯದವರ ಸಂದರ್ಶನದಲ್ಲಿ ಮನೆ, ಶಾಲೆಗಳಿಗಿಂತ ಮೊದಲು ಸಾಮರ್ಥ್ಯವನ್ನಿಟ್ಟರು. ನನ್ನ ಜಗಳ ಅವರ ಹೆಸರು ಹೇಳುವವರೊಂದಿಗೆ. ಫಾರಂನ ಕೊನೆಗೆ 'ಸಾಮರ್ಥ್ಯಗಳು' ಎಂಬ ಕಾಲಂ ಎಳೆದು, 'ಕ್ರಿಕೆಟ್ ಚೆನ್ನಾಗಿ ಆಡುತ್ತಾನೆ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹೊಗಳಿದರೆ ಕುಡಿತ ಬಿಟ್ಟಾನೇ ಎಂದು ಕೇಳುವ ವಿಮರ್ಶಕರೂ ಸಾಮರ್ಥ್ಯವೆಂದರೆ ಹೊಗಳಿಕೆಯೆಂದೇ ತಿಳಿದಿದ್ದಾರೆ. ಕುಡಿತ ನಿಲ್ಲಿಸಿ ಕೈನಡುಕ, ಫಿಟ್ಸ್ ಬಂದವನಿಗೆ ಮೊದಲು ವೈದ್ಯರೇ ಬೇಕು, ಅದರಲ್ಲಿ ವಾದವಿಲ್ಲ. ಉಳಿದಂತೆ, ದೋಷವೆಂದು ಎಣಿಸಿದ ಉತ್ತರದೊಳಗೇ ಸಾಮರ್ಥ್ಯ ಕೂತಿರುತ್ತದೆ. ಬೇರೆ ಕಾಲಂ ಬೇಕಿಲ್ಲ.

ಐದನೆಯದಕ್ಕೆ 'ಹೌದು' ಬಂದ ಕೂಡಲೇ ಪೆನ್ನು ಕೆಳಗಿಟ್ಟು ಕೇಳಬೇಕು: ಅಕ್ಕ ಏನಂದಳು? ಅವಳ ಮಾತಿಗೆ ಒಂದು ದಿನವಾದರೂ ಬಿಟ್ಟಿದ್ದೆಯಾ? ಆ ದಿನ ಸಂಜೆ ಹೇಗೆ ಕಳೆದೆ?