ನೈವೇದ್ಯ, ಬಲಿ, ಯಜ್ಞ: ಬೈಬಲಿನ ಆಹಾರವಿಚಾರ ಮತ್ತು ಕನ್ನಡ ಪದಗಳು

ಪುರಸೈವಾಕ್ಕಂನಲ್ಲಿ ಗಂಗಾಧರೇಶ್ವರನ ದೇವಾಲಯವೂ ಲೂಥರನ್ ಪಂಥದ ಇಗರ್ಜಿಯೂ ನೆರೆಹೊರೆಯಾಗಿವೆ. ನವರಾತ್ರಿಯ ಸಂಜೆ ಬೊಂಬೆಗಳ ಮುಂದೆ ನೈವೇದ್ಯವಾದ ಸುಂಡಲು ನೆರೆಯ ಕ್ರೈಸ್ತರ ಮನೆಗೂ ಹೋಗುವುದುಂಟು. ಕೆಲವರು ಅದನ್ನು ಸಂತೋಷದಿಂದ ಸ್ವೀಕರಿಸುವರು; ಕೆಲವರು ಸಂಕೋಚದಿಂದ ನಿರಾಕರಿಸುವರು. ಉಭಯರಿಗೂ ಆಧಾರ ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಯೇ ಎಂಬುದು ವಿಚಾರಣೀಯವಾಗಿದೆ.

ಆಹಾರದ ವಿಷಯದಲ್ಲಿ ಬೈಬಲು ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ವಿಧಿಸಿದ್ದು ಸಸ್ಯಾಹಾರ. ಜಲಪ್ರಳಯಾನಂತರ ಒಂಬತ್ತನೆಯ ಅಧ್ಯಾಯದಲ್ಲಿ, ರಕ್ತವನ್ನು ವರ್ಜಿಸಿ, ಮಾಂಸಕ್ಕೂ ಅನುಮತಿ ದೊರೆಯಿತು. ಯಾಜಕಕಾಂಡವು ಶುದ್ಧಾಶುದ್ಧ ಪ್ರಾಣಿಗಳನ್ನು ವಿಂಗಡಿಸಿತು. ಮಾರ್ಕನ ಏಳನೆಯ ಅಧ್ಯಾಯವು ಆ ಗೆರೆಯನ್ನೇ ಅಳಿಸಿತು. ಇವುಗಳನ್ನು ಕಾಲಭೇದದಿಂದ ಸಮಾಧಾನಪಡಿಸಬಹುದು. ಯಜ್ಞದ ವಿಚಾರ ಹಾಗಲ್ಲ. ಯಾಜಕಕಾಂಡವು ಏಳು ಅಧ್ಯಾಯಗಳಲ್ಲಿ ವಿಧಿಸಿದ ಹೋಮಯಜ್ಞಗಳನ್ನು ಕುರಿತು, ಐಗುಪ್ತದಿಂದ ಬಿಡಿಸಿದ ದಿನದಲ್ಲಿ ದೇವರು ಏನನ್ನೂ ಆಜ್ಞಾಪಿಸಲಿಲ್ಲವೆಂದು ಯೆರೆಮೀಯನು ಹೇಳುವನು. ಅದು ಕೇವಲ ಅಲಂಕಾರದ ಮಾತೆಂದು ವ್ಯಾಖ್ಯಾನಕಾರರು ಜಾರಿಕೊಳ್ಳುವುದುಂಟು; ಪಾಠವು ಅದಕ್ಕೆ ಸುಲಭವಾಗಿ ಒಡಂಬಡುವುದಿಲ್ಲ.

ಇಲ್ಲಿ ಭಾಷಾಂತರದ ಪಾತ್ರವನ್ನು ಗಮನಿಸಬೇಕು. ದೇವರಿಗೆ ಬೇಕಾದುದು ಕರುಣೆ ಎನ್ನುವ ಹೋಶೇಯನ ವಾಕ್ಯದಲ್ಲಿ ಬೇಡವಾದುದನ್ನು ತಮಿಳು ಬೈಬಲು 'ಬಲಿ' ಎಂದರೆ ಕನ್ನಡ ಬೈಬಲು 'ಯಜ್ಞ' ಎನ್ನುತ್ತದೆ. ತಮಿಳು ಓದುಗನಿಗೆ ಊರಮ್ಮನ ಮುಂದಿನ ಕುರಿಯೂ ಕನ್ನಡಿಗನಿಗೆ ಅಗ್ನಿಕುಂಡವೂ ವಚನಕಾರರ ವೈದಿಕಕರ್ಮ ವಿಮರ್ಶೆಯೂ ನೆನಪಾಗುವುದು ಸಹಜ. ಹೀಬ್ರೂ ಮೂಲದ 'ಜೆಬಹ್' ಎಂಬುದು ವಧೆಯನ್ನು ಸೂಚಿಸುವ ಧಾತುವಿನಿಂದ ಬಂದುದು. ಅದರ ಕೊಬ್ಬನ್ನು ಬೆಂಕಿಗೆ ಅರ್ಪಿಸಿ, ಮಾಂಸದ ಬಹುಭಾಗವನ್ನು ಅರ್ಪಿಸಿದವನ ಮನೆಯವರೇ ಊಟಮಾಡುತ್ತಿದ್ದರು. ಅರ್ಪಣೆಯೂ ಭೋಜನವೂ ಒಂದೇ ಕ್ರಿಯೆಯ ಎರಡು ಮುಖಗಳು. 'ಬಲಿ'ಯಲ್ಲಿ ವಧೆ ಉಳಿಯಿತು, 'ಯಜ್ಞ'ದಲ್ಲಿ ಬೆಂಕಿ ಉಳಿಯಿತು. ಊಟ ಎರಡರಲ್ಲಿಯೂ ಮರೆಯಾಯಿತು.

ಆ ಊಟವು ಕನ್ನಡದಲ್ಲಿ ಮರಳಿ ಬರುವುದು 'ನೈವೇದ್ಯ' ಎಂಬ ಪದದೊಡನೆ. ಕೊರಿಂಥದ ಪ್ರಶ್ನೆ ವಿಗ್ರಹದ ಮುಂದೆ ಕಡಿದ ಪಶುವಿನ ಮಾಂಸವನ್ನು ಕುರಿತದ್ದು. ಗ್ರೀಕ್ ಪದದಲ್ಲಿಯೂ ಬಲಿಯ ಅರ್ಥವಿದೆ. ಕನ್ನಡ ಬೈಬಲಿನಲ್ಲಿ ಅದು 'ವಿಗ್ರಹಕ್ಕೆ ನೈವೇದ್ಯ ಮಾಡಿದ್ದು' ಎಂದಾಯಿತು. ಕನ್ನಡಿಗನಿಗೆ ನೈವೇದ್ಯವೆಂದರೆ ಹೆಚ್ಚಾಗಿ ಅನ್ನ, ಹಣ್ಣು, ಪಾಯಸ. ಅರ್ಪಿತವಾದ ಮೇಲೆ ಅದು ಪ್ರಸಾದ, ಅದನ್ನು ಸ್ವೀಕರಿಸುವುದೂ ಪೂಜೆಯ ಅಂಗವೇ. ಪೌಲನಾದರೋ ಎರಡು ಸನ್ನಿವೇಶಗಳನ್ನು ಬೇರ್ಪಡಿಸುವನು. ಎಂಟನೆಯ ಅಧ್ಯಾಯದಲ್ಲಿ ವಿಗ್ರಹವು ಏನೂ ಅಲ್ಲವೆಂಬ ಜ್ಞಾನವನ್ನು ಒಪ್ಪುವನು; ಆದರೂ ದುರ್ಬಲ ಸೋದರನನ್ನು ಎಡವಿಸಬಾರದೆನ್ನುವನು. ಹತ್ತನೆಯದರಲ್ಲಿ ಅನ್ಯದೇವತೆಗಳ ಪಂಕ್ತಿಯಲ್ಲಿ ಪಾಲುಗೊಳ್ಳುವುದನ್ನು ನಿಷೇಧಿಸಿ, ಅದೇ ಅಧ್ಯಾಯದಲ್ಲಿ ಅಂಗಡಿಯ ಮಾಂಸವನ್ನು ವಿಚಾರಿಸದೆ ತಿನ್ನಬಹುದೆನ್ನುವನು. ಗುಡಿಯ ಪಂಕ್ತಿ ಬೇರೆ, ಕಟುಕನ ಅಂಗಡಿ ಬೇರೆ. 'ನೈವೇದ್ಯ'ವು ಈ ಅಂತರವನ್ನು ಮಸುಕುಗೊಳಿಸುತ್ತದೆ, ಪ್ರಸಾದಕ್ಕೆ ಅಂಗಡಿಯಿಲ್ಲವಷ್ಟೆ! ಪೌಲನ ವಿರೋಧಾಭಾಸದ ಒಂದಂಶವು ಮೂಲದ್ದಲ್ಲ, ಅನುವಾದದ ಸಾಲ.

ಹಾಗೆಂದು ಎಲ್ಲವನ್ನೂ ಅನುವಾದಕರ ತಲೆಗೆ ಕಟ್ಟಲಾಗದು. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸನ ಕನ್ನಡ ಬೈಬಲು ಅಚ್ಚಾದಾಗ ಹೊಸ ಶಾಸ್ತ್ರಕ್ಕೆ ಸಿದ್ಧ ಪರಿಭಾಷೆ ಇರಲಿಲ್ಲ; ದೇಶದ ಪೂಜಾಭಾಷೆಯಿಂದಲೇ ಪದಗಳನ್ನು ಪಡೆಯಬೇಕಾಗಿತ್ತು. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದ ಯೆರೂಸಲೇಮಿನ ನಿರ್ಣಯವೂ ಪ್ರಕಟನೆಯ ಗ್ರಂಥದಲ್ಲಿ ಪೆರ್ಗಮ, ಥುವತೈರ ಸಭೆಗಳಿಗೆ ಬಂದ ಗದರಿಕೆಯೂ ಪೌಲನಿಗಿಂತ ಬಿಗಿಯಾಗಿವೆ. ಆ ಬಿಕ್ಕಟ್ಟು ಮೂಲದ್ದೇ.

ಸುಂಡಲಿನ ಪ್ರಶ್ನೆಗೆ ಅತ್ಯಂತ ಸಮೀಪವಾದುದು ಹತ್ತನೆಯ ಅಧ್ಯಾಯದ 27 ಮತ್ತು 28ನೆಯ ವಾಕ್ಯಗಳು. ಅಲ್ಲಿ ಅತಿಥಿಯು ಬಡಿಸಿದ್ದನ್ನು ವಿಚಾರಿಸದೆ ಉಣ್ಣಬಹುದು. ಇದು ಅರ್ಪಿತವಾದುದೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಕೈತಡೆಯಬೇಕು. ಪುರಸೈವಾಕ್ಕಂನ ನೆರೆಯಾಕೆ ದೊನ್ನೆಯನ್ನು ಕೊಡುವಾಗ 'ಪ್ರಸಾದ' ಎನ್ನುವಳೋ 'ಸುಂಡಲು' ಎನ್ನುವಳೋ, ಅದನ್ನು ಅವಲಂಬಿಸಿ ಪೌಲನ ಉತ್ತರವು ಬದಲಾಗುತ್ತದೆ.