ಬ್ಯಾಟಿಂಗ್ ಸರಾಸರಿ: ಹೇಳುವುದೆಷ್ಟು, ಮರೆಸುವುದೆಷ್ಟು?

ಟೆಸ್ಟ್ ಕ್ರಿಕೆಟ್‌ನಲ್ಲಿ ವಿನೋದ್ ಕಾಂಬ್ಳಿ ಅವರ ಸರಾಸರಿ 54.20. ರಾಹುಲ್ ದ್ರಾವಿಡ್ ಅವರದು 52.31. ಹಾಗಾದರೆ ಕಾಂಬ್ಳಿ ದ್ರಾವಿಡ್‌ಗಿಂತ ಉತ್ತಮ ಬ್ಯಾಟ್ಸ್‌ಮನ್ನೇ? ಹೌದೆನ್ನಲು ಯಾವ ಕ್ರಿಕೆಟ್ ಪ್ರೇಮಿಯೂ ಸಿದ್ಧನಿರಲಾರ. ಆದರೂ ಆಟಗಾರನ ಜೀವಮಾನದ ಸಾಧನೆಯನ್ನು ಇದೇ ಒಂದು ಅಂಕಿಯಿಂದ ಅಳೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಗಣಿತದ ತರಗತಿಯಲ್ಲಿ ಸರಾಸರಿಗೆ ಕೊಡುವ ಮೊದಲ ಉದಾಹರಣೆಯೂ ಹೆಚ್ಚಾಗಿ ಇದೇ. ಆದ್ದರಿಂದ ಈ ಅಳತೆಗೋಲನ್ನೇ ಒಮ್ಮೆ ಪರೀಕ್ಷೆಗೆ ಒಡ್ಡುವುದು ಅಗತ್ಯ.

ಭಾಜಕ ಯಾವುದು?

ಮೊದಲಿಗೆ, ಬ್ಯಾಟಿಂಗ್ ಸರಾಸರಿ ಪಠ್ಯಪುಸ್ತಕದ ಸರಾಸರಿ ಅಲ್ಲ. ದ್ರಾವಿಡ್ 1996ರಿಂದ 2012ರವರೆಗೆ 164 ಟೆಸ್ಟ್‌ಗಳ 286 ಇನಿಂಗ್ಸ್‌ಗಳಲ್ಲಿ 13288 ರನ್ ಗಳಿಸಿದರು. ಇನಿಂಗ್ಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ 46.46 ಬರುತ್ತದೆ. ಆದರೆ 32 ಬಾರಿ ಅವರು ಔಟಾಗದೆ ಉಳಿದರು. ರೂಢಿಯಂತೆ 254ರಿಂದ ಭಾಗಿಸಿದಾಗ 52.31 ಸಿಗುತ್ತದೆ.

ಈ ರೂಢಿ ಎಂಥ ವಿಚಿತ್ರ ಫಲ ಕೊಡಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯದ ಬೌಲರ್ ಬಿಲ್ ಜಾನ್ಸ್‌ಟನ್ ಸಾಕ್ಷಿ. 1953ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 17 ಇನಿಂಗ್ಸ್‌ಗಳಲ್ಲಿ ಗಳಿಸಿದ್ದು 102 ರನ್. ಔಟಾದದ್ದು ಒಮ್ಮೆ ಮಾತ್ರ. ಸರಾಸರಿ 102!

ಹಾಗೆಂದು ರೂಢಿಯನ್ನು ತಳ್ಳಿಹಾಕುವಂತಿಲ್ಲ. ಹತ್ತು ಬಲ್ಬುಗಳನ್ನು ಸಾವಿರ ಗಂಟೆ ಉರಿಸಿ ಪರೀಕ್ಷಿಸಿದೆವು ಎನ್ನೋಣ. ಕೊನೆಯಲ್ಲಿ ನಾಲ್ಕು ಇನ್ನೂ ಉರಿಯುತ್ತಿವೆ. ಅವೂ ಅದೇ ಕ್ಷಣ ಕೆಟ್ಟವೆಂದು ಲೆಕ್ಕ ಹಾಕಿದರೆ ಬಲ್ಬಿನ ಆಯುಷ್ಯವನ್ನು ಕಡಿಮೆ ಅಂದಾಜಿಸಿದಂತಾಗುತ್ತದೆ. ಔಟಾಗದೆ ಉಳಿದ ಬ್ಯಾಟ್ಸ್‌ಮನ್ ಉರಿಯುತ್ತಿರುವ ಬಲ್ಬಿನಂತೆ. 1945ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಎಲ್ಡರ್ಟನ್ ಮತ್ತು ವುಡ್ ಈ ವಿಷಯವನ್ನು ಚರ್ಚಿಸಿದರು. ಕ್ರಿಕೆಟ್ ಸ್ಕೋರುಗಳು ಗುಣೋತ್ತರ ಶ್ರೇಢಿಯನ್ನು ಹೋಲುತ್ತವೆಯೇ ಎಂಬುದು ವುಡ್ ಎತ್ತಿದ ಪ್ರಶ್ನೆ. ಪ್ರತಿ ರನ್ನಿನ ಹಂತದಲ್ಲೂ ಔಟಾಗುವ ಸಂಭವನೀಯತೆ ಒಂದೇ ಆಗಿದ್ದರೆ, ಒಟ್ಟು ರನ್ನನ್ನು ಔಟಾದ ಸಂಖ್ಯೆಯಿಂದ ಭಾಗಿಸುವುದೇ ಸರಿಯಾದ ಅಂದಾಜು.

ಆ 'ಆಗಿದ್ದರೆ' ಎಂಬ ಷರತ್ತಿನಲ್ಲಿಯೇ ತೊಡಕಿದೆ. ಡಾನ್ ಬ್ರಾಡ್ಮನ್ ಅವರ ಸರಾಸರಿ 99.94. ಸಂಭವನೀಯತೆ ಒಂದೇ ಆಗಿದ್ದರೆ ಅವರ 80 ಇನಿಂಗ್ಸ್‌ಗಳಲ್ಲಿ ಸೊನ್ನೆಗೆ ಔಟಾಗುವುದು ಒಂದು ಬಾರಿಗಿಂತಲೂ ಕಡಿಮೆ ಇರಬೇಕಿತ್ತು. ವಾಸ್ತವದಲ್ಲಿ ಅವರು ಏಳು ಬಾರಿ ಸೊನ್ನೆಗೆ ಔಟಾದರು. ಎಂದರೆ ಆರಂಭದಲ್ಲಿ ಅಪಾಯ ಹೆಚ್ಚು, ಕಣ್ಣು ಕೂತ ಮೇಲೆ ಕಡಿಮೆ. ಆದ್ದರಿಂದ ಅಜೇಯ ಇನಿಂಗ್ಸ್‌ಗಳು ಬಹಳವಿರುವ ಆಟಗಾರನನ್ನು ಉಳಿದವರೊಡನೆ ಸರಾಸರಿಯಿಂದಲೇ ನೇರವಾಗಿ ಹೋಲಿಸುವುದು ಸರಿಯಲ್ಲ.

ಎಷ್ಟು ಇನಿಂಗ್ಸ್ ಸಾಕು?

ಈಗ ಕಾಂಬ್ಳಿಯ ಪ್ರಶ್ನೆಗೆ ಬರೋಣ. ಗುಣೋತ್ತರ ಶ್ರೇಢಿಯಂತೆ ಹಂಚಿಕೆಯಾದ ಸ್ಕೋರುಗಳಲ್ಲಿ ಮಾನಕ ವಿಚಲನೆಯು ಸರಾಸರಿಯಷ್ಟೇ ದೊಡ್ಡದು. ಆದ್ದರಿಂದ ಸರಾಸರಿಯನ್ನು ಔಟಾದ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದರ ಅನಿಶ್ಚಿತತೆ ಸ್ಥೂಲವಾಗಿ ತಿಳಿಯುತ್ತದೆ. 17 ಟೆಸ್ಟ್ ಆಡಿದ ಕಾಂಬ್ಳಿ 21 ಇನಿಂಗ್ಸ್‌ಗಳಲ್ಲಿ 20 ಬಾರಿ ಔಟಾಗಿ 1084 ರನ್ ಗಳಿಸಿದರು. ಅವರ ಸರಾಸರಿಯ ಅನಿಶ್ಚಿತತೆ ಸುಮಾರು 12 ರನ್. ದ್ರಾವಿಡ್ ಅವರದು ಸುಮಾರು 3 ರನ್. ಇಷ್ಟು ಅನಿಶ್ಚಿತತೆಯ ನಡುವೆ ಎರಡು ರನ್ನಿನ ಅಂತರಕ್ಕೆ ಅರ್ಥವಿಲ್ಲ. ದಶಮಾಂಶದ ನಂತರದ ಎರಡು ಅಂಕಿಗಳಂತೂ ಬರೀ ಅಲಂಕಾರ.

ತೊಗರಿ ಬೆಳೆಯುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಎರಡು ವರ್ಷದ ಮಳೆ ನೋಡಿ ವಾಡಿಕೆ ಮಳೆ ಇಷ್ಟೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ಹಲವು ದಶಕಗಳ ದಾಖಲೆ ಬೇಕು. ವಾಡಿಕೆಯಷ್ಟೇ ಮಳೆ ಪ್ರತಿ ವರ್ಷ ಬರುತ್ತದೆಂದೂ ಯಾರೂ ನಂಬುವುದಿಲ್ಲ. ಸರಾಸರಿ 52 ಎಂದರೆ ಪ್ರತಿ ಸಲ ಐವತ್ತು ರನ್ ಎಂದಲ್ಲ. ಮೇಲಿನ ಶ್ರೇಢಿಯ ಪ್ರಕಾರ ಅಂಥ ಆಟಗಾರನ ಮಧ್ಯಾಂಕ ಸುಮಾರು 36 ಮಾತ್ರ.

ಅಂಕಿಗೆ ಕಾಣದ್ದು

ಗುಂಡಪ್ಪ ವಿಶ್ವನಾಥ್ ಅವರ ಸರಾಸರಿ 41.93. ಅಂಕಿಗಳ ಪಟ್ಟಿಯಲ್ಲಿ ಅವರು ಬಹಳ ಕೆಳಗಿದ್ದಾರೆ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತ 190 ರನ್‌ಗಳಿಗೆ ಆಲೌಟಾಯಿತು. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು. ವಿಶ್ವನಾಥ್ ಅಜೇಯ 97, ಅಂದರೆ ತಂಡದ ಅರ್ಧಕ್ಕಿಂತ ಹೆಚ್ಚು. ಪಂದ್ಯವನ್ನು ಭಾರತ ಗೆದ್ದಿತು. ಸಪ್ಪೆ ಪಿಚ್ಚಿನಲ್ಲಿ ದುರ್ಬಲ ಬೌಲಿಂಗ್ ವಿರುದ್ಧ ಹೊಡೆದ 97ಕ್ಕೂ ಈ 97ಕ್ಕೂ ಸರಾಸರಿಯ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ದ್ರಾವಿಡ್ ಅವರ ಒಟ್ಟು ರನ್ನುಗಳಲ್ಲಿ 5598 ತವರಿನವು, 7690 ಹೊರನಾಡಿನವು. ಅವರ ಹಿರಿಮೆಯ ದೊಡ್ಡ ಭಾಗ ಈ ವಿಭಜನೆಯಲ್ಲಿದೆ. 52.31 ಎಂಬ ಅಂಕಿ ಅದನ್ನೂ ಮುಚ್ಚಿಡುತ್ತದೆ.

ಅಮೆರಿಕದ ಬೇಸ್‌ಬಾಲಿನಲ್ಲೂ ಇದೇ ವಾದವಿದೆ. ಅಲ್ಲಿ ಯಶಸ್ವಿ ಹೊಡೆತಗಳನ್ನು ಬ್ಯಾಟಿಂಗ್ ಅವಕಾಶಗಳಿಂದ ಭಾಗಿಸುತ್ತಾರೆ. ಕೆಟ್ಟ ಎಸೆತಗಳನ್ನು ಬಿಟ್ಟು ತಾಳ್ಮೆಯಿಂದ ಮೊದಲ ಬೇಸ್ ತಲುಪಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಮುಖ್ಯವಾದದ್ದು, ಯಾರ ಆಟವನ್ನು ಎಣಿಸುತ್ತೇವೆ ಎಂಬ ಪ್ರಶ್ನೆ. ವರ್ಣಭೇದದ ಕಾರಣ ಪ್ರತ್ಯೇಕ ಲೀಗುಗಳಲ್ಲಿ ಆಡಬೇಕಾಗಿದ್ದ ಕಪ್ಪು ಆಟಗಾರರ ಅಂಕಿಗಳನ್ನು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿಸಲಾಯಿತು. ಆಗ ಟೈ ಕಾಬ್ ಅವರ 0.367 ಎರಡನೆಯ ಸ್ಥಾನಕ್ಕಿಳಿದು, ಜಾಷ್ ಗಿಬ್ಸನ್ ಅವರ 0.372 ಮೊದಲನೆಯದಾಯಿತು. ಆಟ ಬದಲಾಗಲಿಲ್ಲ, ಎಣಿಕೆ ಬದಲಾಯಿತು.

ತರಗತಿಯಲ್ಲಿ ಏನು ಮಾಡಬಹುದು?

ಶಾಲಾ ತಂಡದ ಆಯ್ಕೆಯಲ್ಲಿ ಇದು ಬರೀ ಪಾಂಡಿತ್ಯದ ಮಾತಾಗಿ ಉಳಿಯುವುದಿಲ್ಲ. ಒಂದು ಕಲ್ಪಿತ ಉದಾಹರಣೆ: ಒಬ್ಬ ವಿದ್ಯಾರ್ಥಿ ಐದು ಇನಿಂಗ್ಸ್‌ಗಳಲ್ಲಿ ಎರಡು ಬಾರಿ ಔಟಾಗಿ 90 ರನ್ ಮಾಡಿದ್ದಾನೆ, ಸರಾಸರಿ 45. ಇನ್ನೊಬ್ಬ ಇಪ್ಪತ್ತು ಇನಿಂಗ್ಸ್‌ಗಳಲ್ಲಿ 19 ಬಾರಿ ಔಟಾಗಿ 570 ರನ್ ಮಾಡಿದ್ದಾನೆ, ಸರಾಸರಿ 30. ಅನಿಶ್ಚಿತತೆ ಮೊದಲನೆಯವನಿಗೆ ಸುಮಾರು 32, ಎರಡನೆಯವನಿಗೆ 7. ಸರಾಸರಿಯನ್ನಷ್ಟೇ ನೋಡಿ ಎರಡನೆಯವನನ್ನು ಕೈಬಿಟ್ಟರೆ ಅದು ಅನ್ಯಾಯವಾದೀತು.

ಶಿಕ್ಷಕರು ತಮ್ಮ ಶಾಲೆಯ ಸ್ಕೋರ್ ಪುಸ್ತಕವನ್ನೇ ಪ್ರಯೋಗಶಾಲೆಯಾಗಿ ಬಳಸಬಹುದು. ಪ್ರತಿ ಆಟಗಾರನ ಹೆಸರಿನ ಮುಂದೆ ಸರಾಸರಿ, ಔಟಾದ ಸಂಖ್ಯೆ, ಮಧ್ಯಾಂಕ ಈ ಮೂರನ್ನೂ ಬರೆಸಿ. ಹತ್ತಕ್ಕಿಂತ ಕಡಿಮೆ ರನ್ನಿಗೆ ಔಟಾದದ್ದು ಎಷ್ಟು ಸಲ ಎಂದು ಎಣಿಸಲು ಹೇಳಿ. ಆರಂಭದ ಅಪಾಯ ಅವರಿಗೇ ಕಾಣುತ್ತದೆ. ಪರೀಕ್ಷೆಯ ಅಂಕಗಳ ಸರಾಸರಿಗೂ ಇದೇ ಮಾತು ಅನ್ವಯಿಸುತ್ತದೆ ಎಂದು ಅವರೇ ಕೇಳಿದರೆ, ಪಾಠ ಸಾರ್ಥಕ.