ಯುದ್ಧವಿಲ್ಲದೆ ಬಂದ ಭ್ರಮನಿರಸನ

ಮೊದಲ ಮಹಾಯುದ್ಧದ ನಂತರ ಅಮೆರಿಕದ ಸಣ್ಣಕತೆಯಲ್ಲಿ ಮೂಡಿದ ಭ್ರಮನಿರಸನ, ಅಂದರೆ ದೇಶ, ಧರ್ಮ, ಪರಾಕ್ರಮ ಎಂಬ ದೊಡ್ಡ ಮಾತುಗಳ ಮೇಲಿನ ನಂಬಿಕೆ ಕಳಚಿಬಿದ್ದ ಸ್ಥಿತಿ, ಅರ್ನೆಸ್ಟ್ ಹೆಮಿಂಗ್ವೆಯ 1925ರ ‘ಇನ್ ಅವರ್ ಟೈಮ್’ ಸಂಕಲನದಲ್ಲಿ ಬಹಳ ಸಾಂದ್ರವಾಗಿದೆ. ಅದರ ‘ಸೋಲ್ಜರ್ಸ್ ಹೋಮ್’ ಕತೆಯ ಕ್ರೆಬ್ಸ್ ತಡವಾಗಿ ಊರಿಗೆ ಮರಳುವ ಹೊತ್ತಿಗೆ ವೀರರ ಸ್ವಾಗತವೆಲ್ಲ ಮುಗಿದಿರುತ್ತದೆ. ಜನ ಕಿವಿಗೊಡಬೇಕಾದರೆ ಅವನು ಸುಳ್ಳು ಬೆರೆಸಬೇಕು, ಬೆರೆಸಿದ ಮೇಲೆ ತಾನು ಕಂಡುಂಡದ್ದೇ ಅವನಿಗೆ ಹೇಸಿಗೆಯಾಗುತ್ತದೆ. ಬೆಳಗಿನ ತಿಂಡಿಯ ಹೊತ್ತಿನಲ್ಲಿ ತಾಯಿ ದೇವರು, ದುಡಿಮೆ ಎಂದು ಬುದ್ಧಿ ಹೇಳುತ್ತಿದ್ದರೆ, ಅವನ ಕಣ್ಣು ತಟ್ಟೆಯಲ್ಲಿ ಹೆಪ್ಪುಗಟ್ಟುತ್ತಿರುವ ಕೊಬ್ಬಿನ ಮೇಲಿರುತ್ತದೆ.

ಮೈಸೂರಿನ ಅಶ್ವದಳವೂ 1918ರ ಸೆಪ್ಟೆಂಬರ್‌ನಲ್ಲಿ ಹೈಫಾದಲ್ಲಿ ಕಾದಿತ್ತಾದರೂ, 1920ರಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ ಸಂಕಲನದೊಂದಿಗೆ ನೆಲೆಗೊಂಡ ಕನ್ನಡ ಸಣ್ಣಕತೆಗೆ ಆ ಕಹಿ ತಟ್ಟಲಿಲ್ಲ. ಕ್ರೆಬ್ಸ್ ಮಾತು ಕಳೆದುಕೊಂಡ ದಶಕದಲ್ಲಿಯೇ, 1923ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರದ ಇದ್ದಿಲಿನಿಂದ ಅದಿರು ಕರಗಿಸಲು ತೊಡಗಿತ್ತು. ಇಲ್ಲಿನ ನಂಬಿಕೆ ಇನ್ನೂ ಏರುಮುಖದಲ್ಲಿತ್ತು.

ಅದು ಒಡೆದದ್ದು ಸ್ವಾತಂತ್ರ್ಯದ ನಂತರ. ವ್ಯಕ್ತಿಯ ಒಳಗಿನ ಬಿಕ್ಕಟ್ಟನ್ನೇ ವಸ್ತುವಾಗಿಸಿಕೊಂಡ ನವ್ಯ ಮಾರ್ಗದ ಕತೆಗೆ ಶಿವಮೊಗ್ಗ ಸೀಮೆ ಕೊಟ್ಟಷ್ಟು ಕತೆಗಾರರನ್ನು ಬೇರೆ ಸೀಮೆ ಕೊಟ್ಟಿರಲಾರದು. ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಶೇಷಗಿರಿ ಉಡುಪರು ಬಸುರಾದ ವಿಧವೆ ಮಗಳು ಯಮುನಕ್ಕನಿಗೆ, ಆಕೆ ಬದುಕಿರುವಾಗಲೇ, ಮಡಕೆ ಒಡೆದು ಸತ್ತವರ ಕ್ರಿಯೆ ಮುಗಿಸುವ ಬಹಿಷ್ಕಾರದ ವಿಧಿಯನ್ನು ನಡೆಸಿ, ತಾವು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಅಣಿಯಾಗುತ್ತಾರೆ. ಕತೆ ಹೇಳುವ ಹುಡುಗ ಯಾರ ಮೇಲೂ ತೀರ್ಪು ಕೊಡುವುದಿಲ್ಲ, ತಾನು ಕಂಡದ್ದನ್ನು ಹೇಳುತ್ತಾನೆ ಅಷ್ಟೆ. ಕಂದಕ ಕಂಡ ಕ್ರೆಬ್ಸ್‌ಗೂ ಅಗ್ರಹಾರ ಕಂಡ ಈ ಹುಡುಗನಿಗೂ ಇರುವ ನಂಟು ಇದೇ: ಹಿರಿಯರ ಮಾತು ಇಬ್ಬರ ಪಾಲಿಗೂ ಸತ್ತಿದೆ. ಆದರೆ ಕ್ರೆಬ್ಸ್ ಊರು ಬಿಟ್ಟು ಹೋಗಲು ನಿರ್ಧರಿಸಬಲ್ಲ. ಯಮುನಕ್ಕನಿಗೆ ಅಂಥ ದಾರಿಯಿಲ್ಲದ್ದರಿಂದ ಕನ್ನಡದ ಕತೆಯೇ ಹೆಚ್ಚು ಕಠೋರವಾದದ್ದು.

ಶಿವಮೊಗ್ಗದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ, ಕೊನಗವಳ್ಳಿಯ ಪಿ. ಲಂಕೇಶರು 1963ರ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಸಂಕಲನದಿಂದ ಇದೇ ಹಾದಿಗೆ ಬಂದರು. ನಿರಾಶೆಯೇ ಒಂದು ರೂಢಿಯಾಗಿ ಜಡಗಟ್ಟುವ ಅಪಾಯವನ್ನು ಗುರುತಿಸಿದ ಪೂರ್ಣಚಂದ್ರ ತೇಜಸ್ವಿಯವರು 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯವನ್ನು ಬಹಿರಂಗವಾಗಿ ತೊರೆದರು. ಆ ನಿರ್ಧಾರ ಸರಿಯಾದದ್ದೆಂಬುದಕ್ಕೆ ಆ ಸಂಕಲನದ ಲವಲವಿಕೆಯೇ ಸಾಕ್ಷಿ. ಅಮೆರಿಕದ ಆ ಕತೆಗಳನ್ನು ಓದಹೊರಟ ಮಲೆನಾಡಿನ ತರುಣರು ಮೊದಲು ‘ಘಟಶ್ರಾದ್ಧ’ವನ್ನೂ ಅದರ ಬೆನ್ನಿಗೇ ‘ಸೋಲ್ಜರ್ಸ್ ಹೋಮ್’ ಕತೆಯನ್ನೂ ಓದಬೇಕು.